ಮನೆಮಾತು, ಶಾಲೆಯ ಮಾತು

ಕಾಸರಗೋಡಿನ ಕನ್ನಡ ಪ್ರಾಥಮಿಕ ಶಾಲೆಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ೧೯೫೬ರ ನವೆಂಬರ ೧ರಿಂದ ಆರಂಭಿಸುವರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕು ಅಂದು ಕೇರಳಕ್ಕೆ ಸೇರಿತಾದುದರಿಂದ ಇದು ಸಹಜವೇ ಸರಿ. ಆದರೆ ಈ ಶಾಲೆಗಳ ಹಲಗೆಗಳ ಮೇಲೆ ಕುಳಿತು ಓದಿದ ಮಕ್ಕಳು ಯಾರು, ಅವರ ಓದನ್ನು ಆಯಾ ಕಾಲದವರು ಯಾವ ಅಳತೆಗೋಲಿನಿಂದ ಅಳೆದರು ಎಂದು ಕೇಳಿಕೊಂಡರೆ ನಾವು ಇನ್ನೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಐಗಳ ಮಠದಲ್ಲಿ ಹೊಯಿಗೆಯ ಮೇಲೆ ಬೆರಳೂರಿ ಓನಾಮ ತಿದ್ದುತ್ತಿದ್ದ ಕಾಲದಲ್ಲಿ ಅಳತೆಯ ಪ್ರಶ್ನೆಯೇ ಇರಲಿಲ್ಲ. ಮಗ್ಗಿ ಬಾಯಿಗೆ ಬಂದರೆ, ಪತ್ರ ಓದಲು ಬಂದರೆ ಹುಡುಗನು ಕಲಿತನೆಂದು ಲೆಕ್ಕ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆಗಳನ್ನು ತೆರೆದುದಲ್ಲದೆ ೧೮೪೧ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ ಕನ್ನಡ ಪುಸ್ತಕಗಳನ್ನು ಅಚ್ಚುಹಾಕಿಸಿದರು. ತುಳುವನ್ನು ಅಚ್ಚುಹಾಕಿಸಿದಾಗಲೂ ಅವರು ಬಳಸಿದುದು ಕನ್ನಡ ಲಿಪಿಯನ್ನೇ. ಮುಂದೆ ಸರಕಾರದ ಸಹಾಯಧನ ಬಂದಿತು. ಅದರೊಡನೆ ಪರೀಕ್ಷಾಧಿಕಾರಿಯೂ ಬಂದನು. ಮದರಾಸು ಪ್ರಾಂತದಲ್ಲಿ ಬಹುಕಾಲ ತೇರ್ಗಡೆಯಾದ ಮಕ್ಕಳ ತಲೆಯೆಣಿಸಿ ಶಾಲೆಗೆ ಹಣ ಕೊಡುವ ಪದ್ಧತಿಯಿದ್ದಿತು. ಬಾಯಿಪಾಠವೇ ವಿದ್ಯೆಯೆನಿಸಿಕೊಳ್ಳುವುದಕ್ಕೆ ಇದಕ್ಕಿಂತ ಉತ್ತಮ ಉಪಾಯ ಬೇಕೆ? ೧೯೦೪ರಲ್ಲಿ ಭಾರತ ಸರಕಾರವೇ ತನ್ನ ವಿದ್ಯಾನೀತಿಯ ನಿರ್ಣಯದಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ೧೯೨೦ರ ಮದರಾಸು ಪ್ರಾಥಮಿಕ ವಿದ್ಯಾಭ್ಯಾಸ ಕಾನೂನಿನ ಅನಂತರ ಬೋರ್ಡು ಶಾಲೆಗಳು ಹಳ್ಳಿಹಳ್ಳಿಗೂ ಹರಡಿದುವು.

ಈ ಶಾಲೆಗಳಿಗೆ ಬಂದ ಮಕ್ಕಳಲ್ಲಿ ಮನೆಯಲ್ಲಿ ಕನ್ನಡವನ್ನಾಡುವವರೆಷ್ಟು ಮಂದಿ? ಹವ್ಯಕರ ಮನೆಗಳಲ್ಲಿ ಅವರದೇ ಕನ್ನಡವಿತ್ತು, ಇಂದಿಗೂ ಇದೆ; ಅದು ಪಾಠಪುಸ್ತಕದ ಕನ್ನಡವಲ್ಲ. ಉಳಿದಂತೆ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲೆಯಾಳ. ತುಳುವರ ಮಗುವಿಗೆ 'ಇಲ್ಲ್' ಎಂದರೆ ಮನೆ. ಮಾಸ್ತರರು 'ಇಲ್ಲ' ಎಂದೊಡನೆ ಆ ಮಗುವಿಗೆ ಮನೆಯ ನೆನಪಾದರೆ ತಪ್ಪು ಯಾರದು? ತುಳುವಿನಲ್ಲಿ ಪಿಲಿಯಾಗಿದ್ದುದು ಪುಸ್ತಕದಲ್ಲಿ ಹುಲಿಯಾಗಬೇಕು. ಇಂತಹ ನೂರಾರು ಚಿಕ್ಕ ಹೊಳೆಗಳನ್ನು ಒಂದನೆಯ ತರಗತಿಯಲ್ಲಿಯೇ ದಾಟಿಸಬೇಕಾಗಿದ್ದುದು ಇಲ್ಲಿನ ಉಪಾಧ್ಯಾಯನ ಕೆಲಸ. ಅವನಿಗೆ ನೆರವಾಗಿ ನಿಂತುದು, ನಮ್ಮ ಅಭಿಪ್ರಾಯದಲ್ಲಿ, ಯಕ್ಷಗಾನ. ಪಾರ್ತಿಸುಬ್ಬನ ನಾಡಾದ ಕುಂಬಳೆ ಸೀಮೆಯಲ್ಲಿ ತುಳು ಮನೆಯ ಮಗುವೂ ಅಜ್ಜನ ಮಡಿಲಲ್ಲಿ ಕುಳಿತು ರಾಮನ ಮಾತನ್ನೂ ರಾವಣನ ಮಾತನ್ನೂ ಕನ್ನಡದಲ್ಲಿಯೇ ಕೇಳುತ್ತಿದ್ದಿತು. ಶಾಲೆಗೆ ಬರುವ ಮುನ್ನವೇ ಅರ್ಧ ಪಾಠವಾಗಿರುತ್ತಿದ್ದಿತು. ಯಾವ ಪರೀಕ್ಷಾಧಿಕಾರಿಯ ವರದಿಯಲ್ಲಿಯೂ ಇದಕ್ಕೆ ಅಂಕಣವಿರಲಿಲ್ಲ.

ಸ್ವಾತಂತ್ರ್ಯಾನಂತರ ಅಳತೆಗೋಲು ಬದಲಾಯಿತು. ೧೯೪೯ರ ಆಗಸ್ಟಿನಲ್ಲಿ ಸೇರಿದ ಪ್ರಾಂತೀಯ ವಿದ್ಯಾಮಂತ್ರಿಗಳ ಸಮ್ಮೇಳನವು ಒಂದು ನಿಯಮವನ್ನು ಗೊತ್ತುಮಾಡಿತು: ಪ್ರಾದೇಶಿಕ ಭಾಷೆಯಿಂದ ಬೇರೆಯಾದ ಮಾತೃಭಾಷೆಯ ಮಕ್ಕಳು ಇಡೀ ಶಾಲೆಯಲ್ಲಿ ೪೦ ಮಂದಿ ಅಥವಾ ಒಂದು ತರಗತಿಯಲ್ಲಿ ೧೦ ಮಂದಿ ಇದ್ದರೆ, ಆ ಭಾಷೆಯಲ್ಲಿ ಕಲಿಸಲು ಒಬ್ಬ ಉಪಾಧ್ಯಾಯನನ್ನಾದರೂ ನೇಮಿಸತಕ್ಕದ್ದು. ೧೯೫೬ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯಿಂದ ಬಂದ ೩೫೦-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆಂದಿತು. ಗಡಿಯ ಶಾಲೆಗಳಿಗೆ ಈ ಎರಡೂ ಆಸರೆಯಾದುವು.

೧೯೪೯ರ ನಿರ್ಣಯದಲ್ಲಿ ಇನ್ನೊಂದು ಮಾತಿದೆ. ನಮ್ಮವರು ಅದನ್ನು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ. ಮಗುವಿನ ಮಾತೃಭಾಷೆ ಯಾವುದೆಂದರೆ ತಂದೆತಾಯಿ ಅಥವಾ ಪೋಷಕರು ಯಾವುದನ್ನು ಮಾತೃಭಾಷೆಯೆಂದು ಘೋಷಿಸುವರೋ ಅದೇ! ತೊಟ್ಟಿಲ ಮಾತು ತುಳುವಾಗಿರಲಿ ಕೊಂಕಣಿಯಾಗಿರಲಿ, ತಲೆಮಾರುಗಳಿಂದ ಅಕ್ಷರ ಕಲಿತ ಭಾಷೆಯನ್ನು ತಮ್ಮದೆನ್ನಲು ಮನೆಯವರಿಗೆ ಇದರಿಂದ ಎಡೆಯಾಯಿತು. ೨೦೧೧ರ ಜನಗಣತಿಯನ್ನು ನೋಡಿರಿ: ಕಾಸರಗೋಡು ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರಿಗಿಂತ ತುಳುವೆಂದು ಬರೆಯಿಸಿದವರೇ ಅಧಿಕ. ಇದನ್ನು ಮಾತ್ರ ನೋಡಿದವನು ಇಷ್ಟು ಸ್ವಲ್ಪ ಕನ್ನಡಿಗರಿಗೆ ಇಷ್ಟು ಶಾಲೆಗಳೇಕೆಂದು ಕೇಳಿಯಾನು. ಗಣತಿ ಸುಳ್ಳಲ್ಲ, ಶಾಲೆಯೂ ಸುಳ್ಳಲ್ಲ. ಕನ್ನಡ ಶಾಲೆಯೆಂದರೆ ಕನ್ನಡ ಮನೆಗಳ ಶಾಲೆಯೆಂದು ಭಾವಿಸಿದುದರಲ್ಲಿಯೇ ತಪ್ಪಿದೆ. ಅದು ಹಲವು ಮಾತುಗಳ ಮನೆಗಳಿಗೆ ಸೇರಿದ ಶಾಲೆ.

ಕೇರಳ ವಿದ್ಯಾಭ್ಯಾಸ ಕಾನೂನು ೧೯೫೯ರ ಜೂನ್ ೧ರಿಂದ ಜಾರಿಗೆ ಬಂದು ಅನುದಾನಿತ ಶಾಲೆಗಳ ಅಧ್ಯಾಪಕರಿಗೆ ಸರಕಾರದಿಂದಲೇ ನೇರವಾಗಿ ಸಂಬಳ ದೊರೆಯುವಂತಾಯಿತು. ಇದು ದೊಡ್ಡ ಉಪಕಾರ. ಆದರೆ ಶಾಲೆ ತೆರೆದ ಆರನೆಯ ಕೆಲಸದ ದಿನದ ತಲೆಯೆಣಿಕೆ ಆ ವರುಷದ ಹುದ್ದೆಗಳನ್ನು ನಿರ್ಧರಿಸುವ ಕಟ್ಟಳೆಯೂ ಬಂದಿತು. ಒಂದು ಕಾಲಕ್ಕೆ ತೇರ್ಗಡೆಯಾದ ತಲೆಗಳು, ಈಗ ಬೆಂಚಿನಲ್ಲಿರುವ ತಲೆಗಳು. ಇಂಗ್ಲಿಷು ಮಾಧ್ಯಮದ ಶಾಲೆಯ ವಾಹನ ಮನೆಯ ಅಂಗಳಕ್ಕೇ ಬರುತ್ತಿರುವಾಗ ನಾಲ್ಕು ಮಕ್ಕಳು ಕಡಿಮೆಯಾದರೂ ಒಂದು ಹುದ್ದೆ ಹೋಗಬಹುದು. ಹುದ್ದೆ ಹೋದ ಶಾಲೆಗೆ ಮಾರನೆಯ ವರುಷ ಇನ್ನಷ್ಟು ಮಕ್ಕಳು ಬರಲಾರರು. ಇತ್ತೀಚಿನ ವರುಷಗಳಲ್ಲಿ ಕೆಲವು ಕಡೆ ಕನ್ನಡ ಬಾರದವರನ್ನೇ ಕನ್ನಡ ತರಗತಿಗಳಿಗೆ ನೇಮಿಸಿದುದೂ ಉಂಟು. ಮನೆಯಲ್ಲಿ ಕನ್ನಡವಿಲ್ಲದ ಮಗು, ಕನ್ನಡವಿಲ್ಲದ ಅಧ್ಯಾಪಕ, ನಡುವೆ ಕನ್ನಡ ಪುಸ್ತಕ! ಹೊಳೆ ದಾಟಿಸುವವನೇ ಇಲ್ಲದಲ್ಲಿ, ನಾಲ್ಕನೆಯ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆ ಮಗು ಹಿಂದೆ ಬಿದ್ದರೆ ಅದನ್ನು ಕನ್ನಡ ಮಾಧ್ಯಮದ ದೋಷವೆಂದು ಬರೆಯುವುದು ನ್ಯಾಯವೆ?

ನಮ್ಮ ಹಳೆಯ ಶಾಲೆಗಳ ಬೀರುಗಳಲ್ಲಿ ದಾಖಲಾತಿ ಪುಸ್ತಕಗಳು ಗೆದ್ದಲಿಗೆ ಆಹಾರವಾಗುತ್ತಿವೆ. ಮಗುವಿನ ಹೆಸರು, ತಂದೆಯ ಕಸುಬು, ಸೇರಿದ ದಿನ, ಬಿಟ್ಟ ದಿನ ಅವುಗಳಲ್ಲಿವೆ. ಗೇಣಿ ಒಕ್ಕಲಿನ ಮಗ ಎಷ್ಟನೆಯ ತರಗತಿಗೆ ಶಾಲೆ ಬಿಟ್ಟನು, ಅವನ ಮೊಮ್ಮಗಳು ಎಲ್ಲಿಯವರೆಗೆ ಓದಿದಳು ಎಂಬುದನ್ನು ಅಲ್ಲಿಂದಲೇ ತಿಳಿಯಬೇಕು. ಈ ಮಳೆಗಾಲಕ್ಕೆ ಮುನ್ನ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಅವುಗಳನ್ನು ನಕಲು ಮಾಡಲು ನಾವು ಸಿದ್ಧರಿದ್ದೇವೆ. ಅಕ್ಷರ ಚೆನ್ನಾಗಿರುವ ತರುಣರು ನಾಲ್ಕು ಮಂದಿ ಬೇಕು.