ಸಂಬಳ: ದಾನವೋ ಋಣವೋ

ವಿಜಾಪುರ ಸೀಮೆಯ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂತಹ ಗ್ರಾಮಗಳಲ್ಲಿ ಸರ್ಕಾರವೆಂದರೆ ಜನರ ಕಣ್ಣಿಗೆ ಮೊದಲು ಬೀಳುತ್ತಿದ್ದವರು ಗೌಡ, ಕುಲಕರ್ಣಿ, ತಳವಾರರು. ಕಂದಾಯವೆತ್ತುವುದು, ಲೆಕ್ಕ ಬರೆಯುವುದು, ಊರು ಕಾಯುವುದು ಇವರ ಕೆಲಸ. ಅದಕ್ಕೆ ಪ್ರತಿಯಾಗಿ ವಂಶಪರಂಪರೆಯ ವತನ. ಇಂತಹ ನೌಕರನಿಗೆ ಕೊಟ್ಟ ಮಾತನ್ನು ಸರ್ಕಾರವೇ ತಪ್ಪಿದರೆ ಅವನು ಯಾರ ಬಾಗಿಲಿಗೆ ಹೋಗಬೇಕು? ಈ ಪ್ರಶ್ನೆಯ ಚರಿತ್ರೆಯನ್ನು ನಾವು ಈಗ ವಿಚಾರಮಾಡೋಣ.

ದೊರೆಯನ್ನು ಅವನದೇ ನ್ಯಾಯಸ್ಥಾನಕ್ಕೆ ಎಳೆಯಲಾಗದೆಂಬುದು ಇಂಗ್ಲೆಂಡಿನ ಹಳೆಯ ಸೂತ್ರ. ನೌಕರನೂ ದೊರೆಯ ಇಷ್ಟವಿರುವವರೆಗೆ ಮಾತ್ರ ನೌಕರ. ಆದರೆ ಈ ಸೂತ್ರವು ನಮ್ಮ ದೇಶಕ್ಕೆ ಪೂರ್ತಿಯಾಗಿ ಬರಲಿಲ್ಲ. ವ್ಯಾಪಾರಕ್ಕಾಗಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ದಾವಾ ಹೂಡಬಹುದಾಗಿತ್ತು. 1858ರ ಕಾಯಿದೆಯು ಆ ಹಕ್ಕನ್ನು ಉಳಿಸಿ, ಕಂಪನಿಯ ಸ್ಥಾನದಲ್ಲಿ ಸ್ಟೇಟ್ ಸೆಕ್ರೆಟರಿಯನ್ನು ಪ್ರತಿವಾದಿಯಾಗಿ ನಿಲ್ಲಿಸಿತು.

ಹೀಗೆ ಹೆಬ್ಬಾಗಿಲನ್ನು ತೆರೆದ ಆಳ್ವಿಕೆಯೇ ಒಳಬಾಗಿಲುಗಳನ್ನು ಮುಚ್ಚಿತು. 1871ರ ಪಿಂಚಣಿ ಕಾಯಿದೆಯ ಮೇರೆಗೆ, ಕಲೆಕ್ಟರ್ ಮೊದಲಾದ ಅಧಿಕಾರಿಗಳ ಪ್ರಮಾಣಪತ್ರವಿಲ್ಲದೆ ಸಿವಿಲ್ ಕೋರ್ಟು ಪಿಂಚಣಿಯ ವ್ಯಾಜ್ಯವನ್ನು ಕೈಗೆತ್ತಿಕೊಳ್ಳಕೂಡದು. ಮುಂಬಯಿ ಇಲಾಖೆಯ 1874ರ ವತನ ಕಾಯಿದೆಯು ವತನದಾರರ ವ್ಯವಹಾರಗಳನ್ನು ಕಲೆಕ್ಟರರಿಗೆ ಒಪ್ಪಿಸಿತು. 1876ರ ಕಾಯಿದೆಯು ವತನದ ಸ್ವತ್ತಿನ ವಿಷಯವಾಗಿ ಸರ್ಕಾರದ ಮೇಲೆ ಹೂಡುವ ದಾವಾಗಳನ್ನು ಕೋರ್ಟುಗಳ ಅಧಿಕಾರದಿಂದಲೇ ತೆಗೆದುಹಾಕಿತು. ರೆವಿನ್ಯೂ ಇಲಾಖೆಯಿಂದ ಅನ್ಯಾಯವಾಯಿತೆನ್ನುವ ವತನದಾರನು ಆ ಇಲಾಖೆಗೇ ಅರ್ಜಿ ಕೊಡಬೇಕಾಯಿತು!

ತಿಂಗಳ ಸಂಬಳದವರ ಸ್ಥಿತಿಯೂ ಬಹುಕಾಲ ಹೀಗೆಯೇ ಇತ್ತು. 1948ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಲಾಲ್ ಎಂಬ ಅಧಿಕಾರಿಯ ವಜಾ ಅಕ್ರಮವೆಂದು ಒಪ್ಪಿದರೂ, ಬಾಕಿ ಸಂಬಳಕ್ಕೆ ದಾವಾ ಸಲ್ಲದೆಂದು ಹೇಳಿತು. ಈ ಮಾತನ್ನು ನಮ್ಮ ಸುಪ್ರೀಂ ಕೋರ್ಟು 1954ರಲ್ಲಿ ಒಪ್ಪಲಿಲ್ಲ. ಬಿಹಾರದ ಪೊಲೀಸ್ ಸಬ್‌ಇನ್ಸ್‌ಪೆಕ್ಟರ್ ಅಬ್ದುಲ್ ಮಜೀದ್ 1940ರಲ್ಲಿ ವಜಾ ಆಗಿ, ಮತ್ತೆ ಕೆಲಸಕ್ಕೆ ಸೇರಿದ ಮೇಲೆ ನಡುವಣ ಸಂಬಳವನ್ನು ಕೇಳಿದ್ದನು. ನ್ಯಾಯಾಲಯದ ತರ್ಕವು ಮನೋಹರವಾದುದು: ನೌಕರನಿಗೆ ಸಾಲ ಕೊಟ್ಟವನು ಸಿವಿಲ್ ಪ್ರೊಸೀಜರ್ ಕೋಡಿನ ಮೇರೆಗೆ ಅವನ ಸಂಬಳವನ್ನು ಜಪ್ತಿ ಮಾಡಿಸಬಹುದು, ಸಾಲಗಾರನ ಸಂಬಳವು ಸಾಹುಕಾರನಿಗೆ ದಕ್ಕುವುದಾದರೆ, ದುಡಿದವನಿಗೇ ಏಕೆ ದಕ್ಕಬಾರದು?

1971ರಲ್ಲಿ ದೇವಕಿನಂದನ ಪ್ರಸಾದರ ಮೊಕದ್ದಮೆಯಲ್ಲಿ ಪಿಂಚಣಿಯೂ ಸರ್ಕಾರದ ಕೃಪಾದಾನವಲ್ಲ, ನೌಕರನ ಸ್ವತ್ತೆಂದು ತೀರ್ಪಾಯಿತು. ಆದರೂ ಸರ್ಕಾರಿ ನೌಕರಿಯನ್ನು ಬರಿಯ ಕರಾರೆಂದು ಎಣಿಸಲಾಗದು. ನಿಯಮಗಳನ್ನು ಸರ್ಕಾರವು ತಾನೇ ಮಾರ್ಪಡಿಸಬಹುದೆಂದು 1967ರಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಕನ್ನೊಳ್ಳಿಯ ಸೀಮೆಯಲ್ಲಿ ಕುಲಕರ್ಣಿ ವತನಗಳು ಮುಂಬಯಿಯ 1950ರ ಕಾಯಿದೆಯಿಂದಲೂ, ಉಳಿದ ಗ್ರಾಮಾಧಿಕಾರಗಳು ಮೈಸೂರಿನ 1961ರ ಕಾಯಿದೆಯಿಂದಲೂ ಅಳಿದುವು. ವತನ ಹೋಯಿತು, ಸಂಬಳ ಉಳಿಯಿತು. ನಾಳೆಯ ನಿಯಮವನ್ನು ಸರ್ಕಾರ ಬದಲಿಸಬಹುದು. ನಿನ್ನೆಯ ದುಡಿಮೆಯ ಋಣವನ್ನು ಮಾತ್ರ ತೀರಿಸಲೇಬೇಕು.