ಬರೆದು ಮುಗಿಸುವ ಸಂಭಾಷಣೆ: ರಾಯಚೂರು ಸೀಮೆಯ ಶಾಲಾ ಇಂಗ್ಲಿಷಿನ ಚರಿತ್ರೆಯ ಕೆಲವು ನೆಲೆಗಳು

ಕರ್ನಾಟಕದ ಹತ್ತನೆಯ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷಿನ ಪ್ರಶ್ನೆಪತ್ರಿಕೆಯಲ್ಲಿ ಸಂಭಾಷಣೆಗೂ ಒಂದು ಸ್ಥಾನವುಂಟು. ಇಬ್ಬರ ಮಾತುಕತೆಯ ನಾಲ್ಕಾರು ಸಾಲುಗಳನ್ನು ಅಚ್ಚಿಸಿ, ನಡುವೆ ಬಿಟ್ಟ ಸ್ಥಳವನ್ನು ತುಂಬುವಂತೆ ಕೇಳಲಾಗುತ್ತದೆ. ಇಲ್ಲವೇ ಅಡಿಗೆರೆ ಎಳೆದ ಮಾತು ವಿನಂತಿಯೋ ಸಲಹೆಯೋ ಅನುಮತಿಯ ಕೋರಿಕೆಯೋ ಎಂಬುದನ್ನು ಗುರುತಿಸಬೇಕಾಗುತ್ತದೆ. ಬಾಯಿ ತೆರೆಯದೆ ಸಂಭಾಷಣೆಯಲ್ಲಿ ಪೂರ್ಣ ಅಂಕ ಗಳಿಸಬಹುದು. ಅದೇ ಪತ್ರಿಕೆಯಲ್ಲಿ ಕರ್ತರಿ ವಾಕ್ಯವನ್ನು ಕರ್ಮಣಿಗೆ ತಿರುಗಿಸುವ ಪ್ರಶ್ನೆಯಿರುತ್ತದೆ, ಅಪರಿಚಿತ ಗದ್ಯಭಾಗವನ್ನು ಓದಿ ಉತ್ತರಿಸುವ ಪ್ರಶ್ನೆಯೂ ಇರುತ್ತದೆ. ಸಂಭಾಷಣೆ, ವ್ಯಾಕರಣ, ಗದ್ಯಗ್ರಹಣ ಎಂಬ ಈ ಮೂರನ್ನು ಶಿಕ್ಷಕರೂ ವಿದ್ಯಾರ್ಥಿಗಳೂ ಒಂದೇ ವಿಷಯದ ಮೂರು ಅಂಗಗಳೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅವು ಬೇರೆಬೇರೆ ಕಾಲಗಳಲ್ಲಿ, ಬೇರೆಬೇರೆ ಉದ್ದೇಶಗಳಿಗಾಗಿ ಬಂದು ಒಂದೇ ಪತ್ರಿಕೆಯಲ್ಲಿ ಪದರಪದರವಾಗಿ ಕುಳಿತವು. ಹಾಗೆ ಕೂರುವ ಕ್ರಮದಲ್ಲಿ ಅವುಗಳ ನಡುವೆ ಸೇತುವೆಯಾಗಿದ್ದ ಅನುವಾದವು ಇಂಗ್ಲಿಷ್ ಪತ್ರಿಕೆಯಿಂದ ಹೊರಬಿದ್ದಿತು. ಆ ಸೇತುವೆಯ ಚರಿತ್ರೆಯೇ ಈ ಲೇಖನದ ವಸ್ತು.

ಇದಕ್ಕೆ ರಾಯಚೂರು, ಮಾನ್ವಿ, ದೇವದುರ್ಗದ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಹಳೆಯ ಮೈಸೂರಿನ ಶಾಲೆಗಳಲ್ಲಿ ಇಂಗ್ಲಿಷಿಗೂ ವಿದ್ಯಾರ್ಥಿಗೂ ನಡುವೆ ನಿಂತ ಭಾಷೆ ಬಹುಮಟ್ಟಿಗೆ ಕನ್ನಡವೇ. ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ದೋಆಬಿನಲ್ಲಾದರೋ ಆ ನಡುವಣ ಭಾಷೆ ಒಂದೇ ತಲೆಮಾರಿನೊಳಗೆ ಬದಲಾಯಿತು. ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದ ಕಲ್ಲೂರಿನಂಥ ಊರಿನ ಕುಟುಂಬವೊಂದರಲ್ಲಿ ತಂದೆ ಉರ್ದುವಿನ ಮೂಲಕ ಇಂಗ್ಲಿಷ್ ಕಲಿತು ಮಗ ಕನ್ನಡದ ಮೂಲಕ ಕಲಿತಿರುವುದು ಸಾಧ್ಯವಿತ್ತು. ಇಂಗ್ಲಿಷಿನ ಸದ್ದು ಈ ಸೀಮೆಗೆ ಹೊಸದೇನೂ ಆಗಿರಲಿಲ್ಲ. ಮುಂಬಯಿಯ ಕಡೆಯಿಂದ ಬಂದ ರೈಲುಹಾದಿಯೂ ಮದ್ರಾಸಿನ ಕಡೆಯಿಂದ ಬಂದ ರೈಲುಹಾದಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿಯೇ. ಟೇಸನ್, ಸಿಗ್ನಲ್, ಟಿಕೀಟುಗಳು ಜನರ ಬಾಯಿಗೆ ಬಂದುದು ಶಾಲೆಯ ಹಂಗಿಲ್ಲದೆ. ಶಾಲೆಯ ಇಂಗ್ಲಿಷು ಬೇರೆಯೇ ಒಂದು ವಸ್ತು.

ನಿಜಾಮರ ರಾಜ್ಯದಲ್ಲಿ ಆಡಳಿತಭಾಷೆಯ ಸ್ಥಾನ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಫಾರಸಿಯಿಂದ ಉರ್ದುವಿಗೆ ಬಂದಿತು. 1917ರ ಫರ್ಮಾನಿನಿಂದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ರೂಪುಗೊಂಡಾಗ ಅದರ ಬೋಧನಾ ಮಾಧ್ಯಮ ಉರ್ದುವಾಯಿತು. ಇಂಗ್ಲಿಷನ್ನು ಕಡ್ಡಾಯ ಭಾಷಾವಿಷಯವಾಗಿ ಉಳಿಸಿಕೊಳ್ಳಲಾಯಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ಕಟ್ಟಿದ ಸಾಹಸವೆಂದು ಇದನ್ನು ಮೆಚ್ಚಬೇಕು. ಆದರೆ ಕನ್ನಡ, ತೆಲುಗು, ಮರಾಠಿ ಮನೆಮಾತಿನವರಿಗೆ ಆ ಭಾರತೀಯ ಭಾಷೆಯೂ ಎರಡನೆಯದೇ ಆಗಿತ್ತೆಂಬುದನ್ನು ಮರೆಯಬಾರದು. ರಾಯಚೂರಿನ ಪೇಟೆಯಲ್ಲಿ ಕೇಳಿಬರುವ ದಖನಿಗೂ ಶಾಲೆಯ ಉರ್ದುವಿಗೂ ಅಂತರವಿತ್ತು: ಶಾಲೆಯ ಉರ್ದುವಿನ ಕರ್ತೃಸೂಚಕ ‘ನೇ’ ಪ್ರತ್ಯಯವು ದಖನಿಯ ಆಡುಮಾತಿನಲ್ಲಿ ಆ ಬಗೆಯಲ್ಲಿ ಬಳಕೆಯಾಗುವುದಿಲ್ಲ. ಹೀಗಾಗಿ ಕನ್ನಡದ ಮನೆಯಿಂದ ಹೊರಟ ಹುಡುಗ ದಖನಿಯ ಬೀದಿಯನ್ನು ದಾಟಿ, ಗ್ರಾಂಥಿಕ ಉರ್ದುವಿನ ತರಗತಿಯಲ್ಲಿ ಕುಳಿತು ಇಂಗ್ಲಿಷ್ ವ್ಯಾಕರಣವನ್ನು ಕಲಿಯಬೇಕಿತ್ತು.

ಈ ಸ್ಥಿತಿಯ ಭಾಷಾಶಾಸ್ತ್ರೀಯ ಪರಿಣಾಮವನ್ನು ಪರಿಭಾಷೆಯಲ್ಲಿಯೇ ಕಾಣಬಹುದು. ಉರ್ದು ವ್ಯಾಕರಣವು ಅರಬ್ಬಿಯ ಹಾದಿಯಲ್ಲಿ ಪದಗಳನ್ನು ಇಸ್ಮ್, ಫೇಲ್, ಹರ್ಫ್ ಎಂದು ಮೂರಾಗಿ ವಿಂಗಡಿಸುತ್ತದೆ. ಇಂಗ್ಲಿಷ್ ಶಾಲಾವ್ಯಾಕರಣದ ವಿಂಗಡಣೆ ಎಂಟು. ಕನ್ನಡ ಶಾಲಾವ್ಯಾಕರಣದ ನಾಮ, ಕ್ರಿಯೆ, ಅವ್ಯಯಗಳು ಸಂಸ್ಕೃತದ ದಾರಿಯವು. ಇಂಗ್ಲಿಷಿನ ಪ್ಯಾಸಿವ್‌ಗೆ ಉರ್ದುವಿನಲ್ಲಿ ಸಿಗುವ ಹೆಸರು ‘ಮಜ್ಹೂಲ್’, ಎಂದರೆ ‘ತಿಳಿಯದ್ದು’: ಮಾಡಿದವನು ಯಾರೆಂಬುದು ಅಜ್ಞಾತವಾಗಿರುವ ಕ್ರಿಯೆ. ‘ಖತ್ ಲಿಖಾ ಗಯಾ’ ಎಂಬಲ್ಲಿ ಬರೆದವನ ಸುದ್ದಿಯೇ ಇಲ್ಲ. ಬರೆದವನನ್ನು ‘ಸೆ’ ಪ್ರತ್ಯಯದೊಡನೆ ತಂದರೆ, ವಿಶೇಷವಾಗಿ ನಿಷೇಧ ವಾಕ್ಯದಲ್ಲಿ, ಅದು ಅವನ ಅಸಾಮರ್ಥ್ಯವನ್ನು ಸೂಚಿಸತೊಡಗುತ್ತದೆ. ಕನ್ನಡದ ‘ಕರ್ಮಣಿ’ಯಾದರೋ ಕರ್ಮಕ್ಕೆ ಹೊಂದಿದ ಪ್ರಯೋಗ, ಕರ್ತೃವನ್ನು ತೃತೀಯೆಯಲ್ಲಿ ಉಳಿಸಿಕೊಳ್ಳಲು ಅದಕ್ಕೆ ಅಡ್ಡಿಯಿಲ್ಲ. ಒಂದೇ ಇಂಗ್ಲಿಷ್ ರಚನೆಯನ್ನು ಎರಡು ಪರಂಪರೆಗಳು ಎರಡು ಕಡೆಯಿಂದ ಹಿಡಿದಿವೆ. ಇಂಗ್ಲಿಷ್ ಬರಹದಲ್ಲಿ ಪ್ಯಾಸಿವ್ ಬಹಳ ಸಲ ಕರ್ತೃವನ್ನು ಹೇಳದೆಯೇ ಬರುತ್ತದೆ ಎಂಬುದನ್ನು ನೆನೆದರೆ, ‘ಮಜ್ಹೂಲ್’ ಎಂಬ ಹೆಸರೇ ಬಳಕೆಗೆ ಹೆಚ್ಚು ಹತ್ತಿರವಾಗಿತ್ತೆಂದು ನನಗನ್ನಿಸುತ್ತದೆ. ಆ ತಿಳಿವು ಮುಂದಿನ ತಲೆಮಾರಿಗೆ ದಾಟಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ಉಸ್ಮಾನಿಯಾ ಉರ್ದು ಮಾಧ್ಯಮವನ್ನು ಬಿಟ್ಟು ಇಂಗ್ಲಿಷಿಗೆ ಹೊರಳಿತು. ಶಾಲೆಗಳು ಪ್ರಾದೇಶಿಕ ಭಾಷೆಗಳತ್ತ ತಿರುಗಿದವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯದ ಭಾಗವಾಯಿತು. 1966ರಲ್ಲಿ ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಸ್ಥಾಪನೆಯಾಯಿತು. ಆಡಳಿತ ಬದಲಾಯಿತು, ಮಾಧ್ಯಮ ಬದಲಾಯಿತು. ವ್ಯಾಕರಣದ ಪ್ರಶ್ನೆಗಳು ಮಾತ್ರ ಹಾಗೆಯೇ ಉಳಿದವು. ಅವುಗಳ ಮಾದರಿ 1890ರ ದಶಕದ ನೆಸ್‌ಫೀಲ್ಡನ ಪುಸ್ತಕಗಳಿಂದ 1930ರ ದಶಕದ ರೆನ್ ಮತ್ತು ಮಾರ್ಟಿನ್‌ರ ಕೈಪಿಡಿಗೆ ಹರಿದುಬಂದದ್ದು: ಪ್ರಯೋಗ ಬದಲಿಸು, ಹೇಳಿಕೆಯನ್ನು ಪರೋಕ್ಷ ಮಾಡು, ತರತಮ ತಿರುಗಿಸು, ಬಾಲಪ್ರಶ್ನೆ ಸೇರಿಸು.

ಈ ಪಟ್ಟಿ ಇಷ್ಟು ದೀರ್ಘಕಾಲ ಬಾಳಿದ್ದೇಕೆ? ಪರೀಕ್ಷಕನಿಗೆ ಅಂಕ ನೀಡುವುದು ಸುಲಭ ಎಂಬ ಉತ್ತರ ನಿಜ, ಆದರೆ ಅಪೂರ್ಣ. ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಭಾರತೀಯ ಭಾಷೆಗಳೂ ಇಂಗ್ಲಿಷೂ ದಾರಿ ಅಗಲುವ ಸ್ಥಳಗಳಲ್ಲಿಯೇ ನಿಂತಿವೆ. ಪರೋಕ್ಷ ಹೇಳಿಕೆಯನ್ನೇ ನೋಡಬಹುದು. ಈ ಸೀಮೆಯ ಮಾತಿನಲ್ಲಿ ‘ನಾ ನಾಳಿ ಬರ್ತೀನಿ ಅಂದ’ ಎಂದರೆ ಸಾಕು. ಕಾಲವೂ ಪುರುಷವೂ ಮೂಲ ಮಾತಿನಲ್ಲಿದ್ದಂತೆಯೇ ಇರುತ್ತವೆ. ಬರಹದ ‘ಎಂದು’ ಕೂಡ ಅದೇ ಕೆಲಸ ಮಾಡುತ್ತದೆ. ಇಂಗ್ಲಿಷ್ ‘ಐ ವಿಲ್ ಕಮ್ ಟುಮಾರೋ’ ಎಂಬುದನ್ನು ‘ಹೀ ವುಡ್ ಕಮ್ ದಿ ನೆಕ್ಸ್ಟ್ ಡೇ’ ಎಂದು ಪುರುಷ, ಕಾಲ, ದಿನ ಮೂರನ್ನೂ ಕದಲಿಸುತ್ತದೆ. ಹಾಗೆಂದು ಕನ್ನಡಕ್ಕೆ ಪರೋಕ್ಷ ರಚನೆಯೇ ಇಲ್ಲವೆಂದಲ್ಲ. ‘ತಾನು ಮರುದಿನ ಬರುವುದಾಗಿ ಹೇಳಿದ’ ಎಂಬುದು ಶುದ್ಧ ಕನ್ನಡ. ಅಲ್ಲಿನ ‘ತಾನು’ ಹೇಳಿದವನನ್ನೇ ನಿರ್ದೇಶಿಸುತ್ತದೆ. ಇಂಗ್ಲಿಷಿನ ‘ಹೀ’ ಬೇರೊಬ್ಬನೂ ಆಗಬಹುದು. ಕನ್ನಡವು ಇಲ್ಲಿ ಇಂಗ್ಲಿಷಿಗಿಂತ ನಿಖರ. ಪ್ರಯೋಗದ ವಿಷಯವೂ ಇಂಥದೇ. ‘ಪತ್ರವು ರಾಮನಿಂದ ಬರೆಯಲ್ಪಟ್ಟಿತು’ ಎಂದು ಯಾರೂ ಆಡುವುದಿಲ್ಲ. ಪತ್ರವನ್ನು ಮುಂದಕ್ಕೆ ತರಬೇಕಾದರೆ ‘ಪತ್ರವನ್ನು ರಾಮ ಬರೆದ’ ಎಂದು ಪದಗಳ ಸ್ಥಾನ ಬದಲಿಸಿದರೆ ಆಯಿತು, ವಿಭಕ್ತಿ ಅರ್ಥವನ್ನು ಕಾಯುತ್ತದೆ. ಬಾಲಪ್ರಶ್ನೆಗೆ ‘ಹೌದಿಲ್ಲೋ’ ಎಂಬ ಒಂದೇ ಮಾತು ಎಲ್ಲ ವಾಕ್ಯಗಳಿಗೂ ಒದಗುತ್ತದೆ; ಇಂಗ್ಲಿಷಿನಲ್ಲಿ ಪ್ರತಿ ವಾಕ್ಯದ ಸಹಾಯಕ ಕ್ರಿಯೆಯನ್ನು ಹುಡುಕಿ, ಭಾವವನ್ನು ಅಭಾವಕ್ಕೆ ತಿರುಗಿಸಬೇಕು.

ಅನುವಾದ ಪದ್ಧತಿಯ ಕಾಲದಲ್ಲಿ ಈ ಅಂತರಗಳು ಒಳ್ಳೆಯ ಶಿಕ್ಷಕನ ಕೈಯಲ್ಲಿ ಪಾಠವೇ ಆಗಬಲ್ಲವಾಗಿದ್ದವು. ಅನುವಾದವನ್ನು ತೆಗೆದ ಮೇಲೆ ಅಂತರದ ಒಂದು ದಡ ಮಾತ್ರ ಉಳಿಯಿತು. ವಿದ್ಯಾರ್ಥಿ ಇಂಗ್ಲಿಷ್ ವಾಕ್ಯವನ್ನು ಇಂಗ್ಲಿಷ್ ವಾಕ್ಯಕ್ಕೆ ತಿರುಗಿಸುತ್ತಾನೆ. ಯಾವುದರಿಂದ ಯಾವುದು ಏಕೆ ಭಿನ್ನ ಎಂಬುದು ಅವನ ಮುಂದೆ ಬರುವುದಿಲ್ಲ. ನಿಯಮ ಸೂತ್ರವಾಗುತ್ತದೆ.

ಅನುವಾದ ಹೊರಬಿದ್ದುದು ಯಾರ ದುರುದ್ದೇಶದಿಂದಲೂ ಅಲ್ಲ. 1958ರಲ್ಲಿ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ತೆರೆದವು. ಆ ಕಾಲದ ರಚನಾತ್ಮಕ ಪದ್ಧತಿಯು ಆಯ್ದ ವಾಕ್ಯಮಾದರಿಗಳನ್ನು ಇಂಗ್ಲಿಷಿನಲ್ಲಿಯೇ ಅಭ್ಯಾಸ ಮಾಡಿಸಬೇಕೆಂದಿತು. ತಾಯ್ನುಡಿಯ ನೆರವು ಶಿಕ್ಷಕನ ದೌರ್ಬಲ್ಯವೆಂಬ ಭಾವನೆ ಬೆಳೆಯಿತು. ಹೈದರಾಬಾದಿನ ಆ ಸಂಸ್ಥೆಯ ನಿರ್ದೇಶಕರಾಗಿದ್ದ ವಿ.ಕೃ. ಗೋಕಾಕರೇ 1981ರಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಲ್ಲಬೇಕೆಂಬ ವರದಿ ಕೊಟ್ಟವರು. ಇದರಲ್ಲಿ ವಿರೋಧಾಭಾಸ ಹುಡುಕಬೇಕಾಗಿಲ್ಲ. ಆದರೆ ಆ ವರದಿಯ ಸುತ್ತ ನಡೆದ ಚಳವಳಿಯು ಭಾಷೆಗಳ ಸ್ಥಾನವನ್ನು ಕುರಿತದ್ದಾಗಿತ್ತು. ಇಂಗ್ಲಿಷಿನ ತರಗತಿಯ ಒಳಗೆ ಕನ್ನಡದ ಕೆಲಸವೇನು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸುವಂಥದಾಗಿರಲಿಲ್ಲ.

ಗದ್ಯಗ್ರಹಣದ ಹಿನ್ನೆಲೆ ಬೇರೆ. ಢಾಕಾದಲ್ಲಿ ಶಿಕ್ಷಕ ತರಬೇತಿಯಲ್ಲಿದ್ದ ಮೈಕೆಲ್ ವೆಸ್ಟ್ 1926ರ ತನ್ನ ದ್ವಿಭಾಷಿಕತೆಯ ಅಧ್ಯಯನದಲ್ಲಿ, ವಂಗದೇಶದ ವಿದ್ಯಾರ್ಥಿಗೆ ಇಂಗ್ಲಿಷಿನಲ್ಲಿ ಮೊದಲು ಬೇಕಾದದ್ದು ಓದುವ ಸಾಮರ್ಥ್ಯವೆಂದು ವಾದಿಸಿದ. ಶಾಲೆಯನ್ನು ಅರ್ಧದಲ್ಲಿ ಬಿಡುವವನಿಗೂ ಓದು ಕೈಯಲ್ಲುಳಿಯುತ್ತದೆ ಎಂಬುದು ಅವನ ಲೆಕ್ಕ. ಹೊಸ ಪದಗಳನ್ನು ಮಿತವಾಗಿ, ದೂರದೂರಕ್ಕೆ ಬರಿಸಿದ ಅವನ ವಾಚಿಕೆಗಳು ಈ ಲೆಕ್ಕದ ಫಲ. ಪರೀಕ್ಷೆ ಆ ಓದನ್ನು ಹುಡುಕಾಟವನ್ನಾಗಿ ಮಾಡಿತು: ಪ್ರಶ್ನೆಯಲ್ಲಿರುವ ಪದವನ್ನು ಗದ್ಯಭಾಗದಲ್ಲಿ ಕಂಡುಹಿಡಿದು, ಆ ಸಾಲನ್ನು ಎತ್ತಿ ಬರೆಯುವುದು. ಇಲ್ಲಿಯೂ ಕನ್ನಡದ ನೆರಳಿದೆ. ‘ರಾಜನು ಮಂತ್ರಿಯನ್ನು ಏಕೆ ದಂಡಿಸಿದನು?’ ಎಂಬುದಕ್ಕೆ ಉತ್ತರಿಸಲು ‘ಏಕೆ’ ಇದ್ದ ಜಾಗದಲ್ಲಿ ಕಾರಣವನ್ನಿಟ್ಟರೆ ವಾಕ್ಯ ಮುಗಿಯಿತು, ಪ್ರಶ್ನಾರ್ಥಕ ಪದ ತನ್ನ ಸ್ಥಾನದಲ್ಲಿಯೇ ಇರುವುದರಿಂದ. ಇಂಗ್ಲಿಷಿನಲ್ಲಿ ಪ್ರಶ್ನಪದ ಮುಂದಕ್ಕೆ ಸರಿದಿರುತ್ತದೆ, ‘ಡಿಡ್’ ಬಂದು ಸೇರಿರುತ್ತದೆ. ಉತ್ತರಿಸುವಾಗ ಎರಡನ್ನೂ ಬಿಚ್ಚಿ ಕ್ರಿಯಾಪದಕ್ಕೆ ಭೂತರೂಪವನ್ನು ಮರಳಿಸಬೇಕು. ‘ದಿ ಕಿಂಗ್ ಡಿಡ್ ಪನಿಶ್’ ಎಂಬ ಉತ್ತರ ಗದ್ಯವನ್ನು ಅರ್ಥಮಾಡಿಕೊಳ್ಳದವನದಾಗಿರಬೇಕಾಗಿಲ್ಲ. ಅರ್ಥವಾದದ್ದನ್ನು ಕನ್ನಡದ ಕ್ರಮದಲ್ಲಿ ಉತ್ತರಿಸಿದವನದೂ ಆಗಿರಬಹುದು. ಅಂಕಪಟ್ಟಿ ಇವರಿಬ್ಬರನ್ನೂ ಬೇರ್ಪಡಿಸುವುದಿಲ್ಲ.

ಸೂತ್ರಬದ್ಧ ವ್ಯಾಕರಣವನ್ನು ಪ್ರಶ್ನಿಸಿದ ದೊಡ್ಡ ಪ್ರಯೋಗ ಕರ್ನಾಟಕದ ಹೆಸರಿನಲ್ಲಿಯೇ ಜಗತ್ತಿಗೆ ಪರಿಚಿತ. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ, ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯ ನೆರವಿನೊಡನೆ 1979ರಿಂದ 1984ರವರೆಗೆ ನಡೆದ ‘ಬೆಂಗಳೂರು ಯೋಜನೆ’ಯಲ್ಲಿ ಪೂರ್ವನಿಶ್ಚಿತ ವ್ಯಾಕರಣ ಪಠ್ಯಕ್ರಮವಿರಲಿಲ್ಲ. ವಿದ್ಯಾರ್ಥಿಗಳು ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಮುಂದಿಟ್ಟುಕೊಂಡು ಯೋಚಿಸಿ ಬಿಡಿಸುವ ಕಾರ್ಯಗಳಿದ್ದವು. ಅರ್ಥದ ಮೇಲೆ ಗಮನವಿದ್ದಾಗ ರೂಪ ತಾನಾಗಿ ಬೆಳೆಯುತ್ತದೆ ಎಂಬುದು ನಂಬಿಕೆ. ಮಕ್ಕಳು ತಮ್ಮತಮ್ಮಲ್ಲಿ ತಾಯ್ನುಡಿ ಆಡುವುದನ್ನು ಅಲ್ಲಿ ನಿಷೇಧಿಸಿರಲಿಲ್ಲ. ಕಾರ್ಯಾಧಾರಿತ ಬೋಧನೆಯ ಜಾಗತಿಕ ಚರ್ಚೆ ಇಂದಿಗೂ 1987ರ ಪ್ರಭು ಅವರ ಗ್ರಂಥವನ್ನು ಬಿಟ್ಟು ಸಾಗುವುದಿಲ್ಲ. ಆದರೆ ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ‘ನಿರ್ದೇಶಿಸಿದಂತೆ ಬದಲಿಸಿ’ ಎಂಬ ಸಾಲು ಅಲುಗಲಿಲ್ಲ.

ಪತ್ರಿಕೆಗೆ ಕೊನೆಯಲ್ಲಿ ಬಂದು ಸೇರಿದ್ದು ಸಂಭಾಷಣೆ. ಭಾಷೆಯನ್ನು ವಿನಂತಿ, ಕ್ಷಮೆ, ಆಹ್ವಾನ ಮುಂತಾದ ಕಾರ್ಯಗಳಾಗಿ ವಿಂಗಡಿಸುವ ಕ್ರಮ 1970ರ ದಶಕದ ಯುರೋಪಿನ ಪಠ್ಯಕ್ರಮ ಚಿಂತನೆಯದು. ವಿಲ್ಕಿನ್ಸನ 1976ರ ಪುಸ್ತಕ ಅದರ ಮುಖ್ಯ ದಾಖಲೆ. ಗಡಿ ದಾಟಿ ದುಡಿಯಲು ಹೋಗುವ ವಯಸ್ಕರ ಬಾಯಿಮಾತಿಗಾಗಿ ಯೋಚಿಸಿದ್ದು ನಮ್ಮಲ್ಲಿ ಬಹು ಆಯ್ಕೆಯ ಪ್ರಶ್ನೆಯಾಯಿತು. ಒಟ್ಟು 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಇರುವಾಗ ಆಡುವ ಇಂಗ್ಲಿಷಿಗೆ ಸಿಗಬಹುದಾದ ಜಾಗವೆಲ್ಲ ಆ ಇಪ್ಪತ್ತರೊಳಗೇ. ಕಲ್ಲೂರಿನ ಹುಡುಗಿ ಗ್ರಂಥಪಾಲಕರನ್ನು ‘ಆ ಪುಸ್ತಕ ಕೊಡ್ರಿ’ ಎಂದು ಕೇಳಿದರೆ ಅದು ಪೂರ್ಣ ವಿನಯದ ಮಾತು; ವಿನಯವೆಲ್ಲ ‘ರಿ’ಯಲ್ಲಿ ಅಡಗಿದೆ. ಅದನ್ನೇ ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದರೆ ಆಜ್ಞೆಯಾಗುತ್ತದೆ, ಏಕೆಂದರೆ ಇಂಗ್ಲಿಷ್ ಆ ಕೆಲಸವನ್ನು ‘ಕುಡ್ ಯು’ ಎಂಬ ಪ್ರಶ್ನಾರೂಪಕ್ಕೆ ಒಪ್ಪಿಸಿದೆ. ಅವಳಿಗೆ ವಿನಯ ಕಲಿಸಬೇಕಾಗಿಲ್ಲ. ತನ್ನ ‘ರಿ’ ಇಂಗ್ಲಿಷಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂಬುದನ್ನು ತೋರಿಸಬೇಕು. ಅದನ್ನು ತೋರಿಸಲು ಕನ್ನಡ ಬೇಕು.

2007ರಿಂದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಒಂದನೆಯ ತರಗತಿಯಿಂದಲೇ ಒಂದು ವಿಷಯವಾಯಿತು. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಧ್ಯಮದ ಆಯ್ಕೆಯ ಬಗ್ಗೆ ತೀರ್ಪಿತ್ತಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವ ನಿರ್ಧಾರವಾಯಿತು. ಇವೆಲ್ಲವೂ ಯಾವ ಭಾಷೆಯಲ್ಲಿ, ಯಾವಾಗಿನಿಂದ ಎಂಬುದಕ್ಕೆ ಸಂಬಂಧಿಸಿದವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದು ಕರೆಯಿತು; ಆ ಮಾತು ಪಠ್ಯಪುಸ್ತಕದ ಮುನ್ನುಡಿಯವರೆಗೆ ಬಂದಷ್ಟು ಸುಲಭವಾಗಿ ಪ್ರಶ್ನೆಪತ್ರಿಕೆಯೊಳಗೆ ಬರಲಿಲ್ಲ.

ಇದೇ ಮಂಡಳಿಯ ಹತ್ತನೆಯ ತರಗತಿಯ ಇನ್ನೊಂದು ಪತ್ರಿಕೆಯನ್ನು ಪಕ್ಕದಲ್ಲಿಟ್ಟು ನೋಡಬಹುದು. ತೃತೀಯ ಭಾಷೆ ಹಿಂದಿಯ ಪರೀಕ್ಷೆಯಲ್ಲಿ ಹಿಂದಿ ವಾಕ್ಯಗಳನ್ನು ಕನ್ನಡಕ್ಕೋ ಇಂಗ್ಲಿಷಿಗೋ ಅನುವಾದಿಸುವ ಪ್ರಶ್ನೆ ಉಳಿದುಕೊಂಡಿದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿ ಎರಡು ಭಾಷೆಗಳನ್ನು ಒಂದೇ ಉತ್ತರದಲ್ಲಿ ಮುಖಾಮುಖಿ ತರಲು ಮಂಡಳಿ ಅಧಿಕೃತವಾಗಿ ಅಂಕ ನೀಡುವ ಜಾಗ ಅಲ್ಲಿದೆ. ಅವನು ಹೆಚ್ಚು ವರ್ಷ ಕಲಿತ ಇಂಗ್ಲಿಷಿನ ಪತ್ರಿಕೆಯಲ್ಲಿ ಇಲ್ಲ.