ಹೊಯ್ಸಳ ಶಿಲಾಲಯಗಳಲ್ಲಿ ಮರಗೆಲಸದ ಕುರುಹುಗಳು

ಹೊಯ್ಸಳ ವಾಸ್ತುವನ್ನು ಕುರಿತು ಬರೆದವರು ಬಹುಮಟ್ಟಿಗೆ ಅದರ ಕೆತ್ತನೆಯ ನಯವನ್ನೇ ಕೊಂಡಾಡಿರುವರು. ಆ ಕೆತ್ತನೆಯನ್ನು ಹೊತ್ತುನಿಂತ ಕಟ್ಟಡದ ಒಡಲಿನ ಕಡೆಗೆ ಲಕ್ಷ್ಯವು ಅಷ್ಟಾಗಿ ಹರಿದಿಲ್ಲ. ಬೇಲೂರು, ಹಳೇಬೀಡು, ಅರಸೀಕೆರೆಗಳ ದೇವಾಲಯಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಕಲ್ಲುಕುಟಿಗನ ಉಳಿಯ ಹಿಂದೆ ಬಡಗಿಯ ಬುದ್ಧಿಯೂ ಕೆಲಸಮಾಡಿರುವುದು ಗೋಚರವಾಗುತ್ತದೆ.

ಮರದ ಚೌಕಟ್ಟಿನ ಕಟ್ಟಡದಲ್ಲಿ ಭಾರವನ್ನು ಹೊರುವುದು ಗೋಡೆಯಲ್ಲ, ಕಂಬ ತೊಲೆಗಳು. ಇಂಗ್ಲೆಂಡಿನ ಹಳೆಯ ಒಕ್ಕಲುಮನೆಗಳಲ್ಲಿ ಓಕ್ ಮರದ ಕಂಬಗಳನ್ನು ತೊಲೆಗಳಿಗೆ ಸೇರಿಸಿ, ಮರದ ಗೂಟಗಳಿಂದ ಬಿಗಿದು, ನಡುವಣ ತೆರಪನ್ನು ಹೆಣೆದ ಕಡ್ಡಿ ಮತ್ತು ಮಣ್ಣಿನಿಂದ ಮುಚ್ಚುತ್ತಿದ್ದರು. ಕಂಬವೂ ತೊಲೆಯೂ ಕೂಡುವೆಡೆಯಲ್ಲಿ ಓರೆಯಾದ ಆನಿಕೆಯನ್ನು ಕೊಡುತ್ತಿದ್ದರು. ಕನ್ನಡನಾಡಿನ ತೊಟ್ಟಿಮನೆಯಲ್ಲಿಯೂ ತೊಟ್ಟಿಯ ಸುತ್ತಣ ಮಾಡನ್ನು ಹೊರುವವು ಕಂಬ, ಬೋದಿಗೆ, ತೊಲೆಗಳೇ.

ವಿಷ್ಣುವರ್ಧನನು ಕ್ರಿ. ಶ. 1117ರಲ್ಲಿ ಪ್ರತಿಷ್ಠೆಮಾಡಿಸಿದ ಬೇಲೂರಿನ ಚೆನ್ನಕೇಶವಾಲಯದ ನವರಂಗದಲ್ಲಿ 48 ಕಂಬಗಳುಂಟು. ಈ ನವರಂಗವು ಮೊದಲು ತೆರೆದ ಮಂಟಪವಾಗಿತ್ತು. ಹೊರಗಂಬಗಳ ನಡುವಣ ಜಾಲಂಧ್ರಗಳು ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿದವು. ಚೌಕಟ್ಟು ಮೊದಲು, ಮರೆ ಆಮೇಲೆ. ಗೋಡೆಯ ನೆರವಿಲ್ಲದೆಯೇ ಕಟ್ಟಡವು ಅಷ್ಟು ಕಾಲ ನಿಂತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಇದಕ್ಕಿಂತಲೂ ಸ್ವಾರಸ್ಯವಾದುದು ಮದನಿಕೆಗಳ ಸಂಗತಿ. ಬೇಲೂರಿನಲ್ಲಿ ಹೊರಗೆ 38, ಒಳಗೆ 4 ಮದನಿಕೆಗಳಿವೆ. ಹೊರಗಿನವು ಕಂಬದ ತಲೆಯಿಂದ ಸೂರಿನ ಕಡೆಗೆ ಓರೆಯಾಗಿ ಚಾಚಿ ನಿಂತಿವೆ. ಇದು ಮರದ ಆನಿಕೆ ನಿಲ್ಲುವ ಎಡೆ, ಅದರದೇ ಓರೆ. ಇವನ್ನು ಬೇರೆಯಾಗಿ ಕಡೆದು ಸೇರಿಸಿದುದರಿಂದಲೇ ಹಳೇಬೀಡಿನಲ್ಲಿ ಹೆಚ್ಚಿನವು ಕಳಚಿಹೋಗಿದ್ದರೂ ಸೂರು ಬೀಳಲಿಲ್ಲ. ಮರದಲ್ಲಿ ಕೆಲಸವಾಗಿದ್ದುದು ಕಲ್ಲಿನಲ್ಲಿ ಅಲಂಕಾರವಾಯಿತು. ತಿರುಗಣಿಯಲ್ಲಿ ಕಡೆದಂತೆ ನುಣುಪಾದ ಕಂಬಗಳೂ ಮರದ ಕೈಗೆಲಸವನ್ನೇ ನೆನಪಿಗೆ ತರುತ್ತವೆ. ಅಗೆದಾಗ ಮೆದುವಾಗಿದ್ದು ಗಾಳಿಗೆ ಗಡುಸಾಗುವ ಬಳಪದ ಕಲ್ಲು ಇದಕ್ಕೆ ಒದಗಿಬಂದಿತು.

ಆದರೆ ಶಿಲ್ಪಿಗಳು ಬಡಗಿಗಳನ್ನು ಕುರುಡಾಗಿ ಅನುಕರಿಸಿದರೆಂದು ಹೇಳುವುದು ತಪ್ಪಾದೀತು. ಕಲ್ಲಿನ ತೊಲೆಯು ಮರದ ತೊಲೆಯಂತೆ ಬಾಗಿ ತಾಳಿಕೊಳ್ಳದು, ನೀಳವಾದರೆ ಮುರಿಯುತ್ತದೆ. ಕಂಬಗಳು ಒತ್ತೊತ್ತಾಗಿರುವುದಕ್ಕೆ ಇದೇ ಕಾರಣ. ಅಗಲವಾದ ತೆರಪು ಬೇಕಾದೆಡೆ ಅವರು ಸುತ್ತುಸುತ್ತಾಗಿ ಕಲ್ಲುಗಳನ್ನು ಒಳಕ್ಕೆ ಚಾಚಿ ಗುಮ್ಮಟಾಕಾರದ ಭುವನೇಶ್ವರಿಯನ್ನು ಕಟ್ಟಿದರು. ಕ್ರಿ. ಶ. 1220ರ ಅರಸೀಕೆರೆಯ ಈಶ್ವರಾಲಯದಲ್ಲಿ ಹದಿನಾರು ಕೋನಗಳ ನಕ್ಷತ್ರಾಕಾರದ ಮುಖಮಂಟಪವು ಇಂಥ ಮಾಳಿಗೆಯನ್ನು ಹೊತ್ತು ತೆರೆದು ನಿಂತಿದೆ. ಇಲ್ಲಿ ಕಲ್ಲು ತನ್ನ ದಾರಿಯನ್ನು ತಾನೇ ಕಂಡುಕೊಂಡಿದೆ.

ಮರವಾದರೋ ಉಳಿಯಲಿಲ್ಲ. ಬೇಲೂರಿನ ವಿಮಾನದ ಮೇಲಿದ್ದ ಮರ, ಇಟ್ಟಿಗೆ, ಗಾರೆಗಳ ಶಿಖರವನ್ನೇ ಗರ್ಭಗೃಹದ ರಕ್ಷಣೆಗಾಗಿ 1879ರಲ್ಲಿ ಇಳಿಸಬೇಕಾಯಿತು. ದೋರಸಮುದ್ರದ ಅರಮನೆಯೂ ಉಪ್ಪರಿಗೆಗಳೂ ಇಂದು ನಿಂತಿಲ್ಲ. ಇಮ್ಮಡಿ ಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನನು ಕಣ್ಣಾರೆ ಕಂಡ ಮನೆಗಳು ಹೇಗಿದ್ದುವೆಂದು ಊಹಿಸಬೇಕಾದರೆ ಈ ಕಲ್ಲುಗಳನ್ನೇ ಕೇಳಬೇಕು. ಹಳಗನ್ನಡ ಕಾವ್ಯಗಳಲ್ಲಿ ಬರುವ ಮಾಡ, ಉಪ್ಪರಿಗೆ ಎಂಬ ಮಾತುಗಳಿಗೆ ಅರ್ಥಹೇಳುವವರು ನಿಘಂಟಿನೊಡನೆ ಮದನಿಕೆಯ ಓರೆಯನ್ನೂ ಒಮ್ಮೆ ನೋಡುವುದು ಲೇಸು.